ಅತ್ತಿಗೆಯ ಹೂವಿನ ಕಾಗದ

ನಮ್ಮ ಅತ್ತಿಗೆ ಮನೆಗೆ ಬರುತ್ತಾರೆಂದು ಗೊತ್ತಾದ ಕೂಡಲೇ ನಾವು ಬಚ್ಚಿಡುವುದು ಚಿನ್ನವನ್ನಲ್ಲ, ಕಾಗದವನ್ನು! ಮದುವೆಯ ಕರೆಯೋಲೆಗಳು, ಹಲ್ವದ ಪೆಟ್ಟಿಗೆಯ ಹೊದಿಕೆ, ಗೋಡೆಯ ಕ್ಯಾಲೆಂಡರು, ಮಗಳ ಡ್ರಾಯಿಂಗ್ ಪುಸ್ತಕ, ಎಲ್ಲವೂ ಬೀರುವಿನೊಳಗೆ ಹೋಗುತ್ತವೆ. ಚಿನ್ನ ಮೇಜಿನ ಮೇಲೇ ಬಿದ್ದಿರುತ್ತದೆ. ಅತ್ತಿಗೆ ಅದನ್ನು ಕಣ್ಣೆತ್ತಿಯೂ ನೋಡುವವರಲ್ಲ. ಅದರ ಮೇಲೆ ಹೂವಿನ ಪ್ರಿಂಟ್ ಇಲ್ಲವಲ್ಲ!

ಅತ್ತಿಗೆ ಎಂದರೆ ನನ್ನ ಹೆಂಡತಿಯ ಅಕ್ಕ. ಊರು ಕಾರ್ಕಳದ ಹತ್ತಿರ, ಮನೆಮಾತು ತುಳು, ನಾವಿರುವ ಮಸ್ಕತ್ತಿನಲ್ಲೇ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ನರ್ಸು. ಮದುವೆಯಾಗಿಲ್ಲ. ಯಾಕೆ ಎಂದು ಕೇಳಿದವರಿಗೆ, "ಇಡೀ ದಿನ ವಾರ್ಡಿನಲ್ಲಿ ಮಕ್ಕಳು ಕಿರುಚುವುದನ್ನು ಕೇಳಿ ಬರ್ತೇನೆ. ಮನೆಯಲ್ಲೂ ಒಬ್ಬ ಗಂಡಸು ಕಿರುಚುವುದು ಬೇಕಾ ಮಾರಾಯ್ರೆ?" ಎಂದು ತಿರುಗಿ ಕೇಳುತ್ತಾರೆ. ಕೇಳಿದವರು ಸಾಮಾನ್ಯವಾಗಿ ಗಂಡಸರೇ ಆಗಿರುವುದರಿಂದ ಮಾತು ಅಲ್ಲಿಗೆ ಖಲಾಸ್.

ಇವರ ಹುಚ್ಚಿನ ಹೆಸರು ಸ್ಕ್ರ್ಯಾಪ್‌ಬುಕ್. ದಪ್ಪ ಹಾಳೆಯ ಆಲ್ಬಮ್ಮಿನಲ್ಲಿ ಫೋಟೋ, ಟಿಕೆಟ್ಟು, ಒಣಗಿದ ಎಲೆ, ಅಂಗಿಯ ಗುಂಡಿ ಎಲ್ಲವನ್ನೂ ಅಂಟಿಸುವುದು, ಸುತ್ತಲೂ ಚಿತ್ತಾರದ ಕಾಗದವನ್ನು ಕತ್ತರಿಸಿ, ಮಡಚಿ, ನೆರಿಗೆ ಹಿಡಿದು ಸಿಂಗರಿಸುವುದು. ಅವರ ಫ್ಲ್ಯಾಟಿನಲ್ಲಿ ಎರಡು ಮಲಗುವ ಕೋಣೆಗಳಿವೆ. ಒಂದರಲ್ಲಿ ಅವರು ಮಲಗುತ್ತಾರೆ, ಇನ್ನೊಂದರಲ್ಲಿ ಕಾಗದ ಮಲಗುತ್ತದೆ. ಊರಿನಿಂದ ಬಂದ ನೆಂಟರಿಗೆ ಹಾಲಿನಲ್ಲಿ ಚಾಪೆ. ಕಾಗದದ ಕೋಣೆಗೆ ಮಾತ್ರ ಹಗಲು ಹೊತ್ತು ಏಸಿ! ಆಸ್ಪತ್ರೆಯ ಶಿಸ್ತಿನಲ್ಲೇ ಪ್ರತಿ ಕಟ್ಟಿಗೂ ಚೀಟಿ ಹಚ್ಚಿದ್ದಾರೆ: 'ಹೂವು, ದೊಡ್ಡದು', 'ಹೂವು, ಸಣ್ಣದು', 'ಹೂವೋ ಹಣ್ಣೋ ಗೊತ್ತಾಗದ್ದು'.

ಮನೆಯೊಳಗಿನ ಹುಚ್ಚನ್ನು ಹೇಗೋ ಸಹಿಸಬಹುದು. ಅದು ಹೊರಗೆ ಹೊರಟರೆ ಏನು ಮಾಡುವುದು? ಒಮ್ಮೆ ಖುರುಮ್ ಬಡಾವಣೆಯಲ್ಲಿರುವ ನಮ್ಮ ಆಫೀಸಿನ ಮ್ಯಾನೇಜರ ಮನೆಯಲ್ಲಿ ಅವರ ಐದು ವರ್ಷದ ಮಗಳ ಹುಟ್ಟುಹಬ್ಬವಿತ್ತು. ಅತ್ತಿಗೆ ಅಂದು ನಮ್ಮ ಮನೆಯಲ್ಲೇ ಇದ್ದುದರಿಂದ ಬಿಟ್ಟು ಹೋಗುವಂತಿರಲಿಲ್ಲ. ಕೇಕ್ ಕತ್ತರಿಸುವವರೆಗೂ ಅವರು ಬಹಳ ಸಭ್ಯವಾಗಿಯೇ ಕುಳಿತಿದ್ದರು. ನಾನು ಸ್ವಲ್ಪ ಮೈಮರೆತು ಮ್ಯಾನೇಜರ ಹತ್ತಿರ ಸಂಬಳದ ವಿಷಯ ಎತ್ತಲು ಹೋದೆ. ಅಷ್ಟರಲ್ಲಿ ಒಳಗಿನಿಂದ ಮಗುವಿನ ಚೀರಾಟ! ಓಡಿ ಹೋಗಿ ನೋಡಿದರೆ ಅತ್ತಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಉಡುಗೊರೆಗಳ ರಾಶಿಯನ್ನು ಮುಂದಿಟ್ಟುಕೊಂಡು, ಕೈಚೀಲದಿಂದ ಸಣ್ಣ ಬ್ಲೇಡು ತೆಗೆದು ಒಂದೊಂದೇ ಪೊಟ್ಟಣದ ಟೇಪನ್ನು ಬಿಡಿಸುತ್ತಿದ್ದಾರೆ. ಕಾಗದಕ್ಕೆ ಒಂದು ಗೀರೂ ಬಿದ್ದಿಲ್ಲ.

"ಆಂಟಿ, ಇಟ್ಸ್ ಮೈ ಬರ್ತ್‌ಡೇ!" ಎಂದು ಮಗು ಅಳುತ್ತಿತ್ತು.

"ಹೌದು ಮಗಾ. ಗೊಂಬೆ ನಿನಗೆ, ಪೇಪರ್ ನನಗೆ. ಇದರಲ್ಲಿ ಅಳ್ಲಿಕ್ಕೆ ಎಂತ ಉಂಟು?"

ಮ್ಯಾನೇಜರ ಹೆಂಡತಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ನನ್ನ ಸಂಬಳ ಇದ್ದಲ್ಲೇ ಇತ್ತು, ಇಂದಿಗೂ ಅಲ್ಲೇ ಇದೆ.

ಇಬ್ರಾದ ಕಥೆ ಇನ್ನೂ ಭಯಂಕರ. ಆ ಊರಿನಲ್ಲಿ ಬುಧವಾರ ಹೆಂಗಸರದೇ ಸಂತೆ ನಡೆಯುತ್ತದೆ. ಮಾರುವವರೂ ಹೆಂಗಸರು, ಕೊಳ್ಳುವವರೂ ಹೆಂಗಸರು, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಅಲ್ಲಿ ಧೂಪದ ಡಬ್ಬಗಳಿಗೆ ಸುತ್ತುವ ಚಿತ್ತಾರದ ಕಾಗದ ಬಹಳ ಚೆಂದವೆಂದು ವಾರ್ಡಿನಲ್ಲಿ ಯಾರೋ ಅತ್ತಿಗೆಯ ಕಿವಿಗೆ ಹಾಕಿದ್ದರು. ಕೇಳಬೇಕೆ? ನನಗೆ ರಜೆ ಹಾಕಿಸಿ, ಎರಡು ಗಂಟೆ ಕಾರು ಓಡಿಸಿಕೊಂಡು ಕರೆದುಕೊಂಡು ಹೋದರು. ಓಡಿಸಿದವನು ನಾನೇ ಅನ್ನಿ.

ಅತ್ತಿಗೆ, ಹೆಂಡತಿ, ಮಗಳು ಮೂವರೂ ಒಳಗೆ ಹೋದರು. ನಾನು ಹೊರಗೆ ಗೋಡೆಯ ನೆರಳಿನಲ್ಲಿ ಉಳಿದ ಗಂಡಂದಿರ ಸಾಲಿನಲ್ಲಿ ನಿಂತೆ. ಒಂದು ಗಂಟೆಯಾಯಿತು. ನೆರಳು ಸರಿಯಿತು, ನಾವೂ ಸರಿದೆವು. ಎರಡು ಗಂಟೆಯಾಯಿತು. ಪಕ್ಕದಲ್ಲಿದ್ದ ಗಡ್ಡದ ಒಮಾನಿ ಹಿರಿಯರು ಹಿಂದಿಗೆ ಅರಬ್ಬಿ ಬೆರೆಸಿ ವಿಚಾರಿಸಿದರು.

"ಹೆಂಡತಿ ಒಳಗಾ?"

"ಹೌದು. ಮಗಳೂ ಇದ್ದಾಳೆ. ಹೆಂಡತಿಯ ಅಕ್ಕನೂ ಇದ್ದಾರೆ."

"ಮೂವರು?" ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟರು!

ಮೂರನೆಯ ಗಂಟೆಯ ಕೊನೆಗೆ ಅತ್ತಿಗೆ ಬಂದರು. ಹಿಂದೆ ಇಬ್ಬರು ಹೆಂಗಸರು ನಗುತ್ತಾ ಒಂದು ತಗಡಿನ ಟ್ರಂಕನ್ನು ಹೊತ್ತು ತರುತ್ತಿದ್ದರು.

"ಇದೇನು ಅತ್ತಿಗೆ? ಕಾಗದ ತರುತ್ತೇನೆ ಅಂದಿದ್ದಿರಿ!"

"ಕಾಗದವೇ ಮಾರಾಯ್ರೆ. ಟ್ರಂಕಿನ ಒಳಗೆ ಹಚ್ಚಿದ್ದಾರೆ. ಕಿತ್ತರೆ ಹರಿಯುತ್ತದೆ, ಅದಕ್ಕೆ ಟ್ರಂಕನ್ನೇ ತಗೊಂಡೆ."

ಟ್ರಂಕು ಡಿಕ್ಕಿಯಲ್ಲಿ ಹಿಡಿಸಲಿಲ್ಲ. ಮಸ್ಕತ್ತಿನವರೆಗೂ ಅದು ಹಿಂದಿನ ಸೀಟಿನಲ್ಲಿ ಆರಾಮಾಗಿ ಕುಳಿತು ಬಂತು. ಮಗಳು ಅದರ ಮೇಲೆ ಕುಳಿತು ಬಂದಳು.

ಇಷ್ಟಾದರೂ ನಾನು ಅತ್ತಿಗೆಯ ಮೇಲೆ ಸಿಟ್ಟಾಗಿರಲಿಲ್ಲ. ಸಿಟ್ಟು ಬಂದದ್ದು ನನ್ನ ಪಾಸ್‌ಪೋರ್ಟ್ ಕಾಣೆಯಾದಾಗ. ನವೀಕರಣಕ್ಕೆ ಕೊಡಬೇಕಾಗಿತ್ತು, ಬೀರುವಿನಲ್ಲಿ ಇರಲಿಲ್ಲ. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ನಮ್ಮ ಪುಟ್ಟ ಮನೆಯಲ್ಲಿ ಕಳೆದುಹೋಗಲು ಜಾಗವಾದರೂ ಎಲ್ಲಿದೆ? ಹಾಸಿಗೆ ಎತ್ತಿದೆವು, ಅಕ್ಕಿಯ ಡಬ್ಬಕ್ಕೆ ಕೈ ಹಾಕಿದೆವು. ಕೊನೆಗೆ ಮಗಳೇ, "ಡಿಡ್ ಯೂ ಆಸ್ಕ್ ದೊಡ್ಡಮ್ಮ?" ಎಂದಳು. ಫೋನ್ ಹಚ್ಚಿದೆ.

"ಹಾಂ, ನನ್ನ ಹತ್ತಿರ ಉಂಟು. ನಿಮ್ಮ ಹುಟ್ಟುಹಬ್ಬಕ್ಕೆ ಆಲ್ಬಮ್ ಮಾಡ್ತಾ ಇದ್ದೇನೆ. ಸರ್‌ಪ್ರೈಸ್ ಹಾಳು ಮಾಡಿದ್ರಲ್ಲ!"

ಅವರ ಫ್ಲ್ಯಾಟಿಗೆ ಓಡಿದೆ. ಆಲ್ಬಮ್ಮಿನ ನಡುಪುಟದಲ್ಲಿ ನನ್ನ ಪಾಸ್‌ಪೋರ್ಟ್ ನೀಲಿ ನವಿಲುಗರಿಯ ಕಾಗದದ ಮೇಲೆ ವಿರಾಜಮಾನವಾಗಿತ್ತು. ಅಂಚಿಗೆ ಬಂಗಾರದ ಲೇಸು ಬೇರೆ! ನಾನು ಅದನ್ನು ಉಗುರಿನಿಂದ ಕೀಳಲು ಹೋದೆ. ಅತ್ತಿಗೆ ಮಾತ್ರ ಶಾಂತವಾಗಿ ಕೂದಲು ಒಣಗಿಸುವ ಯಂತ್ರ ತಂದು, ಬಿಸಿಗಾಳಿ ಹಿಡಿದು, ಅರ್ಧ ಗಂಟೆಯಲ್ಲಿ ಅಂಟು ಸಡಿಲಿಸಿ, "ತಗೊಳ್ಳಿ, ತಾಯಿ ಮಗು ಇಬ್ಬರೂ ಕ್ಷೇಮ" ಎಂದು ಕೈಗೆ ಕೊಟ್ಟರು. ಆದರೂ ಹಿಂದಿನ ರಟ್ಟಿನ ಮೇಲೆ ಒಂದು ನವಿಲುಗರಿ ಉಳಿದೇ ಬಿಟ್ಟಿತು. ನವೀಕರಣದ ಕೌಂಟರಿನಲ್ಲಿದ್ದ ಹುಡುಗಿ ಅದನ್ನು ತಿರುಗಿಸಿ ನೋಡಿ, "ಸರ್, ಇದು ಪಾಸ್‌ಪೋರ್ಟಾ, ಮದುವೆ ಕಾರ್ಡಾ?" ಎಂದು ಕೇಳಿದಾಗ ನಾನು ನೆಲ ನೋಡಿದೆ. ನಾಲ್ಕು ದಿನ ಅತ್ತಿಗೆಯ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಗಲೇ ಇಲ್ಲ.

ಕಳೆದ ಚಳಿಗಾಲದಲ್ಲಿ ಅತ್ತಿಗೆ ಬಚ್ಚಲಿನಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರು, ಆರು ವಾರ ರಜೆ. ಮಸ್ಕತ್ತಿನ ಕಾಗದಗಳೆಲ್ಲ ನೆಮ್ಮದಿಯ ಉಸಿರು ಬಿಟ್ಟವು ಎಂದು ನಾನು ಮನೆಯಲ್ಲಿ ತಮಾಷೆ ಮಾಡಿದೆ. ಒಂದು ಮಂಗಳವಾರ ಮಧ್ಯಾಹ್ನ ಆಫೀಸಿಗೆ ಅವರ ಫೋನು ಬಂತು.

"ಯಲ್ಲಾ, ಹೊರಡಿ, ಈಗಲೇ ಬನ್ನಿ. ಎರಡು ಗಂಟೆ ನಿಮ್ಮ ಕೈ ಬೇಕು."

"ನನ್ನ ಕೈಯಾ? ನಿಮ್ಮ ತಂಗಿಗೆ ಹೇಳಿದರೆ ಆಗುವುದಿಲ್ಲವಾ?"

"ಅವಳು ಬೇಡ," ಎಂದರು.

ಹೋದೆ. ಮೇಜಿನ ಮೇಲೆ ತೆಳು ಹಳದಿ ಬಣ್ಣದ ಕಾಗದವಿತ್ತು, ಅದರ ತುಂಬ ಸಾಸಿವೆಯಷ್ಟು ಸಣ್ಣ ಬಿಳಿ ಹೂವುಗಳು. ಅತ್ತಿಗೆ ನನ್ನ ಕೈಗೆ ಕತ್ತರಿ ಕೊಟ್ಟರು. "ಗೆರೆಯ ಮೇಲಲ್ಲ, ಗೆರೆಯ ಒಳಗೆ ಕತ್ತರಿಸಿ. ನಡುಗಬೇಡಿ." ಮೊದಲನೆಯದು ಸೊಟ್ಟಗಾಯಿತು. ಇನ್ನೊಂದು ಹಾಳೆ ಕೊಟ್ಟರು. ಬೈಯಲಿಲ್ಲ. ಬೈಯದೇ ಇದ್ದದ್ದು ನನಗೆ ವಿಚಿತ್ರವೆನಿಸಿತು. ಮಡಚಿದರೆ ಅಂಗೈಯಷ್ಟೇ ಅಗಲವಾದ ಆ ಕಾಗದದ ಮಡಿಕೆಯನ್ನು ನೋಡಿ, "ಇಷ್ಟು ಸಣ್ಣ ಆಲ್ಬಮ್ ಯಾರಿಗೆ ಅತ್ತಿಗೆ? ಇರುವೆಯ ಮದುವೆಗಾ?" ಎಂದೆ.

ಅವರು ನಗಲಿಲ್ಲ. ಎಡಗೈಯಿಂದ ಒಂದು ಲಕೋಟೆಯನ್ನು ನನ್ನತ್ತ ಸರಿಸಿದರು. ಒಳಗೊಂದು ಬಿಳಿ ಕಾರ್ಡು. ಅದರಲ್ಲಿ ಶಾಯಿಯಲ್ಲಿ ಒತ್ತಿದ ಎರಡು ಪುಟ್ಟ ಪಾದಗಳು.

"ಒಬ್ಬಳು ಹುಡುಗಿಯ ಮೊದಲ ಮಗು. ನಿನ್ನೆ ಹುಟ್ಟಿತು. ಹುಟ್ಟುವಾಗ ಜೀವ ಇರಲಿಲ್ಲ. ನಮ್ಮ ವಾರ್ಡಿನವರು ತಂದೆತಾಯಿಯನ್ನು ಕೇಳಿ ಅಚ್ಚು ತೆಗೆದು ಕಳಿಸಿದ್ದಾರೆ. ನಾಲ್ಕು ಗಂಟೆಗೆ ಅವಳಿಗೆ ಡಿಸ್ಚಾರ್ಜ್. ಬರಿಗೈಯಲ್ಲಿ ಹೇಗೆ ಮನೆಗೆ ಹೋಗುವುದು ಹೇಳಿ?"

ನನ್ನ ಕೈಯಲ್ಲಿ ಕತ್ತರಿ ಹಾಗೇ ನಿಂತಿತು.

"ಇದನ್ನು... ಯಾವಾಗಿನಿಂದ ಮಾಡುತ್ತಿದ್ದೀರಿ?"

"ಹದಿಮೂರು ವರ್ಷ ಆಯ್ತು."

ಹದಿಮೂರು ವರ್ಷದ ಹಿಂದೆ ಏನಾಗಿತ್ತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅದೇ ವಾರ್ಡಿನಲ್ಲಿ ನಮ್ಮ ಮೊದಲ ಮಗು ಹುಟ್ಟಿತ್ತು. ಗಂಡು. ಅದೂ ಅಳಲಿಲ್ಲ. ಹೆಂಡತಿಗೆ ಎಚ್ಚರವಿರಲಿಲ್ಲ. ತಾಯಿಗೆ ತೋರಿಸಬೇಕೇ ಎಂದು ಡಾಕ್ಟರು ಕೇಳಿದಾಗ, ಬೇಡ, ನೋಡಿದರೆ ಅವಳು ತಡೆಯಲಾರಳು ಎಂದು ಹೇಳಿದವನು ನಾನು. ನಿಜ ಹೇಳಬೇಕೆಂದರೆ ತಡೆಯಲಾರದವನು ನಾನೇ. ನಾನೂ ನೋಡಲಿಲ್ಲ. ಗೋಡೆಯ ಕಡೆ ತಿರುಗಿ ಕಾಗದಗಳಿಗೆ ಸಹಿ ಹಾಕಿದೆ. ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ನಮ್ಮ ಮನೆಯಲ್ಲಿ ಆ ದಿನದ ಮಾತು ಮತ್ತೆ ಬರಲೇ ಇಲ್ಲ.

"ಮೊದಲು ಕೈಯಲ್ಲಿರುವುದನ್ನು ಮುಗಿಸಿ," ಎಂದರು ಅತ್ತಿಗೆ.

ಮುಗಿಸಿದೆ. ವಾರ್ಡಿನಿಂದ ಒಬ್ಬ ನರ್ಸ್ ಬಂದು ಅದನ್ನು ತೆಗೆದುಕೊಂಡು ಹೋದರು. ಬಾಗಿಲು ಹಾಕಿ ಬಂದ ಅತ್ತಿಗೆ ಕಪಾಟಿನ ಕೆಳಗಿನ ಖಾನೆಯಿಂದ ಇನ್ನೊಂದು ಮಡಿಕೆಯನ್ನು ತೆಗೆದು ನನ್ನ ಮುಂದಿಟ್ಟರು. ಗುಲಾಬಿ ಹೂವಿನ ಅಗ್ಗದ ಕಾಗದ, ಬಣ್ಣ ಮಾಸಿತ್ತು, ಅಂಚು ಸೊಟ್ಟ.

"ಆವತ್ತು ಡ್ಯೂಟಿಯಲ್ಲಿ ನಾನೇ ಇದ್ದೆ. ನೀವು ಬೇಡ ಅಂದ್ರಿ. ನಾನು ಅವನ ದೊಡ್ಡಮ್ಮ ಅಲ್ವಾ? ನನ್ನನ್ನು ಯಾರೂ ಕೇಳ್ಲಿಲ್ಲ. ನಾನೇ ಮೀಯಿಸಿದೆ, ಸ್ವಲ್ಪ ಹೊತ್ತು ಎತ್ತಿಕೊಂಡು ಕೂತೆ, ಆಮೇಲೆ ಪಾದದ ಅಚ್ಚು ತೆಗೆದೆ. ಯಾರೋ ಬಿಟ್ಟು ಹೋದ ಸ್ವೀಟ್ ಬಾಕ್ಸಿನ ಪೇಪರ್ ಸಿಕ್ಕಿತು, ಅದರಲ್ಲಿ ಇಟ್ಟೆ. ಕತ್ತರಿಸಲಿಕ್ಕೆ ಆಗ ಬರ್ತಿರಲಿಲ್ಲ. ನೀವಿಬ್ಬರೂ ಕೇಳಿದಾಗ ಕೊಡುವ ಅಂತ ಇಟ್ಟುಕೊಂಡೆ. ನೀವು ಕೇಳ್ಲೇ ಇಲ್ಲ." ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡರು. "ಕೇಳದೆ ಮಾಡಿದ್ದು ತಪ್ಪು. ಈಗ ಎಲ್ಲರನ್ನೂ ಕೇಳಿಯೇ ಮಾಡ್ತೇನೆ."

ನಾನು ಅದನ್ನು ತೆರೆಯಲಿಲ್ಲ. ಒಬ್ಬನೇ ತೆರೆಯುವ ಹಕ್ಕು ನನಗಿಲ್ಲ ಎನಿಸಿತು. ಕಾರಿನಲ್ಲಿ ಪಕ್ಕದ ಸೀಟಿನ ಮೇಲಿಟ್ಟುಕೊಂಡು, ಯಾಕೋ ಗೊತ್ತಿಲ್ಲ, ಬಹಳ ನಿಧಾನವಾಗಿ ಓಡಿಸಿಕೊಂಡು ಬಂದೆ.

ಹೆಂಡತಿ ಊಟದ ಮೇಜಿನ ಮೇಲೆ ಶಾಲೆಯ ನೋಟ್‌ಬುಕ್ಕುಗಳನ್ನು ಹರಡಿಕೊಂಡು ತಿದ್ದುತ್ತಿದ್ದಳು. ಹೇಗೆ ಶುರು ಮಾಡುವುದೆಂದು ತಿಳಿಯದೆ ಮಡಿಕೆಯನ್ನು ಅವಳ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಬೇಡ ಅಂದದ್ದನ್ನೂ ಹೇಳಿದೆ. ಅವಳು ಕೂಗಾಡುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಕ್ಕ ಎತ್ತಿಕೊಂಡಿದ್ದಳಾ?"

"ಹೂಂ. ಮೀಯಿಸಿದರಂತೆ."

ಅವಳು ಕೆಂಪು ಪೆನ್ನು ಕೆಳಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಮಡಿಕೆಯನ್ನು ಬಿಡಿಸಿದಳು. ಬಹಳ ಹೊತ್ತು ನೋಡಿದಳು. ನಾನು ಅವಳ ಹಿಂದೆ ನಿಂತು, ಹದಿಮೂರು ವರ್ಷ ತಡವಾಗಿ, ನೋಡಿದೆ. ಆಗ ಮಗಳು ಕೋಣೆಯಿಂದ ಬಂದು, "ವಾಟ್ಸ್ ದಟ್, ಅಮ್ಮ?" ಎಂದಳು. ನಾನು ಏನೋ ಒಂದು ಹೇಳಿ ಮರೆಸಲು ಬಾಯಿ ತೆರೆದೆ. ಹೆಂಡತಿ ನನ್ನನ್ನು ತಡೆದು, ಮಗಳ ಸೊಂಟ ಬಳಸಿ ಹತ್ತಿರ ಎಳೆದುಕೊಂಡಳು.

"ನಿನ್ನ ಅಣ್ಣ," ಎಂದಳು. ಒಂದು ಬೆರಳಿನಿಂದ, ಮುಟ್ಟಿಯೂ ಮುಟ್ಟದ ಹಾಗೆ ತೋರಿಸಿದಳು. "ಇಲ್ಲಿ ನೋಡು, ಎರಡನೇ ಬೆರಳು ಎಷ್ಟು ಉದ್ದ ಉಂಟು. ಅಪ್ಪನ ಹಾಗೇ."

ಮಗಳು ಕಾಗದವನ್ನು ನೋಡಿದಳು, ಬಗ್ಗಿ ನನ್ನ ಬರಿಗಾಲುಗಳನ್ನು ನೋಡಿದಳು, ಮತ್ತೆ ಕಾಗದವನ್ನು ನೋಡಿದಳು. "ಹೌದಲ್ಲ ಅಮ್ಮ," ಎಂದಳು.