ಮೂವತ್ತು ಅಂಗುಲದ ಅಡ್ಡಿ

ಬಿ.ಎಸ್ಸಿ. ಓದಿದವನ ಮಾತಿಗೆ ಹೊಂಗನೂರಿನಲ್ಲೆಲ್ಲ ಬೆಲೆಯಿದೆ, ನನ್ನ ಮನೆಯೊಂದನ್ನು ಬಿಟ್ಟು. ನೀವೇ ನ್ಯಾಯ ಹೇಳಿ.

ನನ್ನ ಹೆಂಡತಿ ಶಿವಲಿಂಗಮ್ಮ ನಲವತ್ತು ದಾಟಿದ ಮಹಿಳೆಯರ ಐದು ಸಾವಿರ ಮೀಟರ್ ಓಟದಲ್ಲಿ ಮೂರು ವರ್ಷದಿಂದ ನಾಲ್ಕನೆಯವಳು. ಮೂರನೆಯವಳು ಯಾವಾಗಲೂ ಚನ್ನಪಟ್ಟಣದ ಹಫೀಜಾ. ಅಂತರ ಹನ್ನೊಂದು ಸೆಕೆಂಡು, ಆಮೇಲೆ ಏಳು, ಹೋದ ವರ್ಷ ನಾಲ್ಕು. (ಸ್ಟಾಪ್‌ವಾಚ್ ನನ್ನದು, ಅನುಮಾನ ಬೇಡ.)

ನಾನು ಗ್ರಾಫ್ ಹಾಳೆ ಹರಡಿ ವಿವರಿಸಿದೆ. "ಸ್ಟೀಪಲ್‌ಚೇಸಿಗೆ ಹೋಗು. ದಾರಿಯಲ್ಲಿ ಅಡ್ಡ ತೊಲೆಗಳು, ಒಂದು ನೀರಿನ ಗುಂಡಿ, ಅಷ್ಟೇ. ಹೋದ ವರ್ಷ ಓಡಿದವರು ಇಬ್ಬರು, ಪದಕ ಮೂರು. ಬಿದ್ದು ಎದ್ದು ಬಂದರೂ ಕಂಚು!"

"ಹಂಗಾರೆ ಹಫೀಜಾನ ಯಾರು ಹಿಂದಾಕದು, ನಿಮ್ಮ ಗ್ರಾಫಾ?" ಎಂದಳು. "ಹನ್ನೊಂದು, ಏಳು, ನಾಕು. ಮುಂದ್ಲುದು ಎಷ್ಟು, ಒಸಿ ಲೆಕ್ಕ ಹಾಕಿ ನೋಡವ?"

ಮೂರೇ ಬಿಂದುಗಳಿಂದ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕ ಎಂದೆ. ಬಾಯಿಮಾತು ಸಾಲದೆಂದು ಪ್ರಯೋಗಕ್ಕಿಳಿದೆ. ಹಿತ್ತಲಲ್ಲಿ ಇಟ್ಟಿಗೆ ಪೇರಿಸಿ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಮೂವತ್ತು ಅಂಗುಲ ಎತ್ತರಕ್ಕೆ ಅಡ್ಡ ನಿಲ್ಲಿಸಿದೆ. ದನದ ಬಾನಿಯೇ ನೀರಿನ ಗುಂಡಿ.

"ಸ್ಟೀಪಲ್‌ಚೇಸಿನ ತೊಲೆ ಕಾಲು ತಗುಲಿದರೂ ಬೀಳುವುದಿಲ್ಲ. ಅಲ್ಲಾಡದೆ ನಿಲ್ಲಬೇಕು, ಅದೇ ನಿಯಮ."

"ಮೊದ್ಲು ನೀವು ಹಾರಿ."

ಹಾರಿದೆ. ನನ್ನ ಪಥ ಸಿದ್ಧಾಂತಕ್ಕಿಂತ ಆರು ಅಂಗುಲ ಕೆಳಗಿತ್ತು. ಚಂದ್ರಿಕೆ ಎರಡಾಯಿತು, ನಾನು ಬಾನಿಯಲ್ಲಿದ್ದೆ.

"ಅಯ್ಯಯ್ಯೋ, ಹುಳ ಹಣ್ಣಾಗಿ ಗೂಡು ಕಟ್ಟಕ್ಕೆ ಕುಂತವೆ ಕಣ್ರೀ! ಈಗ ಎಲ್ ಬುಡ್ಲಿ ಅವ್ನ?" ಎಂದು ಕೂಗುತ್ತ, ಪಕ್ಕದ ಮನೆಯ ಚಂದ್ರಿಕೆ ಕೇಳಲು ಓಡಿದಳು. ಬಾನಿಯನ್ನೂ ನನ್ನನ್ನೂ ಸೇರಿಸಿಯೇ ಹಾರಿದಳು. ಮೂವತ್ತನಾಲ್ಕು ಅಂಗುಲಕ್ಕೆ ಕಡಿಮೆಯಿಲ್ಲ! ಇಂಥ ಪ್ರತಿಭೆಯನ್ನು ಇಟ್ಟುಕೊಂಡು ಆ ಹೆಂಗಸು ಮರುದಿನ ಅರ್ಜಿಯಲ್ಲಿ ಬರೆದದ್ದು ಮತ್ತೆ ಐದು ಸಾವಿರ ಮೀಟರ್.

ನನ್ನ ಹೊಟ್ಟೆಯುರಿಯನ್ನು ಬಸ್ಸಿನಲ್ಲಿ ಪಕ್ಕ ಕೂತ ನಿಯಾಜನಿಗೆ ಹೇಳಿಕೊಂಡೆ. ಅವನು ಹಫೀಜಾಳ ಗಂಡ, ಆದರೆ ತಿಳಿದವನು. ನಾನು ತೆಗೆದು ತೋರಿಸಿದ ಗ್ರಾಫನ್ನು ಎರಡು ಸಲ ಓದಿ, "ಇದ ಒಸಿ ನಾನಿಟ್ಕೊಳ್ಳಾ ಸಾರ್?" ಎಂದ. ವಿಜ್ಞಾನಕ್ಕೆ ಕೊನೆಗೂ ಒಬ್ಬ ಓದುಗ ಸಿಕ್ಕನೆಂದು ಕೊಟ್ಟೆ.

ರಾಮನಗರದ ಕ್ರೀಡಾಕೂಟದಲ್ಲಿ ಶಿವಲಿಂಗಮ್ಮ ಮೂರನೆಯವಳಾಗಿ ಬಂದಳು. ನಾನು ಕುಣಿದೆ. ಅವಳು ಮಾತ್ರ ಏದುಸಿರು ಬಿಡುತ್ತ ಹಿಂದಕ್ಕೂ ಮುಂದಕ್ಕೂ ನೋಡುತ್ತಿದ್ದಳು. "ಹಫೀಜಾ ಎಲ್ಲಿ? ಓಡ್ನೇ ಇಲ್ವಲ್ಲ?"

ಒಂದು ಗಂಟೆಯ ನಂತರ ಹಫೀಜಾ ಸಿಕ್ಕಳು. ಸ್ಟೀಪಲ್‌ಚೇಸಿನ ನೀರಿನ ಗುಂಡಿಯನ್ನು ಎಲ್ಲರಿಗಿಂತ ಮೊದಲು ದಾಟಿ, ಚಿನ್ನ ಗೆಲ್ಲುತ್ತಿದ್ದಳು. ನಿಯಾಜ್ ದೂರದಿಂದಲೇ ಕೈಯೆತ್ತಿ, "ಸಾರ್, ನಿಮ್ಮ ಗ್ರಾಫು ಕರೆಕ್ಟಾಗೈತೆ!" ಎಂದು ಕೂಗಿದ.

ಶಿವಲಿಂಗಮ್ಮ ನನ್ನ ಕಡೆ ತಿರುಗಿದಳು. "ಮೂರು ವರ್ಸ ಬೆನ್ನತ್ತಿದ್ದೆ ಕಣ್ರೀ. ಈ ಸಲ ಹಿಡ್ದೇಬುಡ್ತಿದ್ದೆ. ನೀವೇ ಓಡಿಸ್ಬುಟ್ರಲ್ಲ!"

ಅವಳ ಸಮಯ ಹಫೀಜಾಳ ಹೋದ ವರ್ಷದ್ದಕ್ಕಿಂತ ಎರಡು ಸೆಕೆಂಡು ಕಡಿಮೆ. ಅವಳು ನೋಡುವ ಮೊದಲೇ ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡೆ.

ಈಗ ಅವಳು ಸ್ಟೀಪಲ್‌ಚೇಸಿಗೆ ಬಂದಿದ್ದಾಳೆ. ನನ್ನ ಗ್ರಾಫಿಗಲ್ಲ, ಹಫೀಜಾಳಿಗೋಸ್ಕರ. ಇಟ್ಟಿಗೆಯ ಮೇಲೆ ನಂಬಿಕೆ ಹೋಗಿರುವುದರಿಂದ ದಿನಾ ಬೆಳಗ್ಗೆ ಹಿತ್ತಲಲ್ಲಿ ಚಂದ್ರಿಕೆ ಹಿಡಿದು ಮಂಡಿಯೂರಿ ಕೂರುವವನು ನಾನು. ಅಳೆದು ಮೂವತ್ತು ಅಂಗುಲ. ಅವಳು ದೂರದಿಂದ ಓಡಿ ಬರುವಾಗ ನಾನು ಕಣ್ಣು ಮುಚ್ಚಿ ಕೊಂಚ ಹಿಂದೆ ಸರಿದರೆ ಅಲ್ಲಿಂದಲೇ ಗದರುತ್ತಾಳೆ:

"ಅಲ್ಲಾಡ್ಬ್ಯಾಡಿ! ನೀವೇ ಹೇಳಿದ್ ನಿಯಮ!"