ಅತ್ತೆಯ ಸೆಕೆ, ಮಾವನ ಪ್ರಶ್ನೆ

ಪುತ್ತೂರು ತಾಲೂಕಿನಲ್ಲಿ ಮುಟ್ಟು ನಿಲ್ಲುವ ವಿಷಯವಾಗಿ ಅತಿ ಹೆಚ್ಚು ತಿಳಿದ ಗಂಡಸು ಯಾರೆಂದು ಯಾರಾದರೂ ಕೇಳಿದರೆ, ನಾನು ನಿಸ್ಸಂಕೋಚವಾಗಿ ನನ್ನ ಸೋದರಮಾವನ ಕಡೆ ಬೆರಳು ತೋರಿಸುತ್ತೇನೆ.

ಕುಂಬ್ರದಲ್ಲಿ ಅಡಿಕೆ ಕೃಷಿ ಮಾಡುವ ಮಾವನಿಗೆ ಪ್ರಶ್ನೆ ಕೇಳುವುದು ಉಸಿರಾಟದಷ್ಟೇ ಸಹಜ. ಹೊಸ ಮಿಕ್ಸಿ ತಂದ ದಿನವೇ ಅದನ್ನು ಬಿಚ್ಚಿ ಹರವಿಕೊಂಡು, “ಒಳಗೆ ಎಂತ ಉಂಟೂಂತ ಗೊತ್ತಿಲ್ಲದೆ ಚಟ್ನಿ ತಿನ್ನುದು ಹೇಗೆ?” ಎಂದವರು. ಆ ದಿನ ಚಟ್ನಿಯೇ ಇರಲಿಲ್ಲ.

ಅತ್ತೆ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಐವತ್ತು ದಾಟಿದ ಮೇಲೆ ಅವರಿಗೆ ಡಿಸೆಂಬರಿನ ಬೆಳಗ್ಗೆಯೂ ಬೆವರು ಇಳಿಯತೊಡಗಿತು. ನಿದ್ದೆ ದೂರವಾಯಿತು. ಮಾವ ಮನೆಗೆ ಮತ್ತೊಂದು ಫ್ಯಾನು ಹಾಕಿಸಿದರು, ಆಮೇಲೆ ಇನ್ನೊಂದು.

“ಸೆಕೆ ಕೋಣೆಯಲ್ಲಿ ಅಲ್ಲ ಮಾರಾಯ್ರೆ, ನನ್ನ ಒಳಗೆ” ಎಂದರು ಅತ್ತೆ.

“ಒಳಗೆ ಎಲ್ಲಿಂದ ಶುರು ಆಗುದು?”

ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಜಗಲಿಗೆ ನಡೆದರು. ಬೋರ್ಡಿನ ಮುಂದೆ ನಿಂತಾಗ ಬಾಯಿಪಾಠವಾಗಿದ್ದ ಪ್ರಮೇಯವೇ ಮರೆತುಹೋಗಿ, ಮಕ್ಕಳ ಎದುರು ಕಣ್ಣೀರು ಬಂದ ದಿನ ಮನೆಗೆ ಬಂದು, “ಕೆಲಸ ಬಿಡ್ತೇನೆ” ಎಂದುಬಿಟ್ಟರು. ಮಾರನೆಯ ದಿನ ಇಬ್ಬರನ್ನೂ ಕಾರಿನಲ್ಲಿ ಪುತ್ತೂರಿನ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದದ್ದು ನಾನೇ.

ದೇಹದಲ್ಲಿ ಕಡಿಮೆಯಾಗುವ ಹಾರ್ಮೋನನ್ನು ಮದ್ದಿನ ರೂಪದಲ್ಲಿ ಕೊಡಬಹುದು ಎಂದರು ಡಾಕ್ಟರು.

“ಅದರಿಂದ ಕ್ಯಾನ್ಸರ್ ಬರ್ತದೆ ಹೇಳ್ತಾರಲ್ಲ?” ಅತ್ತೆಯ ಧ್ವನಿ ಸಣ್ಣದಾಗಿತ್ತು.

“ಎಲ್ಲರಿಗೂ ಆಗುವ ಮದ್ದಲ್ಲ. ಸ್ವಲ್ಪ ಅಪಾಯ ಉಂಟು, ಕೆಲವರಿಗೆ ಜಾಸ್ತಿ. ಮೊದಲು ಪರೀಕ್ಷೆ ಮಾಡುವ. ಬೇಕಾ ಬೇಡವಾ ಅಂತ ಮತ್ತೆ ನೀವೇ ಹೇಳಿ.”

ಮಾವ ಕುರ್ಚಿ ಮುಂದಕ್ಕೆ ಎಳೆದರು. “ಇದನ್ನು ಎಂತದರಿಂದ ಮಾಡುದು ಡಾಕ್ಟ್ರೆ?”

“ಇದು ಒಂದು ಜಾತಿಯ ಗೆಡ್ಡೆಯಿಂದ.”

“ಗೆಡ್ಡೆಯಾ? ನಮ್ಮ ತೋಟದಲ್ಲೇ ಬೇಕಾದಷ್ಟು ಉಂಟಲ್ಲ!”

“ಅದನ್ನು ಬೇಯಿಸಿ ತಿಂದರೆ ಹೊಟ್ಟೆ ತುಂಬ್ತದೆ. ಸೆಕೆ ಹೋಗುದಿಲ್ಲ.”

ಪರೀಕ್ಷೆಗಳೆಲ್ಲ ಸರಿ ಬಂದವು. ಅತ್ತೆ ಎರಡು ದಿನ ಯೋಚಿಸಿ, “ತಗೊಳ್ತೇನೆ” ಎಂದರು. ಕೈಗೆ ಹಚ್ಚುವ ಜೆಲ್ಲು, ರಾತ್ರಿಗೊಂದು ಮಾತ್ರೆ. ಜೆಲ್ಲು ಒಣಗುವವರೆಗೆ ಬೇರೆಯವರು ಮುಟ್ಟಬಾರದು ಎಂದು ಮೆಡಿಕಲ್ ಅಂಗಡಿಯವರು ಹೇಳಿದ್ದೇ ತಡ, ಮಾವ ಗಟ್ಟಿಯಾಗಿ, “ಗಂಡ ಮುಟ್ಟಿದರೆ ಗಂಡನಿಗೆ ಎಂತ ಆಗುದು?” ಎಂದು ಕೇಳಿದರು. ಹಿಂದೆ ನಿಂತಿದ್ದ ಗಂಡಸರಿಬ್ಬರು ಕೆಮ್ಮಿನ ಸಿರಪ್ಪಿನ ಜಾಹೀರಾತನ್ನು ಭಕ್ತಿಯಿಂದ ಓದತೊಡಗಿದರು. ಅತ್ತೆ ಹೋಗಿ ಕಾರಿನಲ್ಲಿ ಕೂತರು.

ಕೆಲವು ವಾರಗಳಲ್ಲಿ ಅತ್ತೆಗೆ ನಿದ್ದೆ ಬರತೊಡಗಿತು. ಸೆಕೆ ಪೂರ್ತಿ ಹೋಗಲಿಲ್ಲ, ತಡೆಯುವಷ್ಟಾಯಿತು. ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ.

ಆಮೇಲೊಂದು ಭಾನುವಾರ ಪಂಜದ ಮನೆಗೆ ಹೋದೆವು. ಮಾವನ ತಾಯಿ, ಅಂದರೆ ನನ್ನ ಅಜ್ಜಿ, ಅಲ್ಲಿ ಚಿಕ್ಕ ಮಾವನ ಜೊತೆಗಿದ್ದಾರೆ. ಊಟವಾದ ಮೇಲೆ ಮಾವ ಇದ್ದಕ್ಕಿದ್ದಂತೆ ಕೇಳಿದರು.

“ಅಮ್ಮ, ಮುಟ್ಟು ನಿಲ್ಲುವಾಗ ನಿನಗೆ ಹೇಗಾಗ್ತಿತ್ತು?”

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಅಜ್ಜಿ ಕೈಯಲ್ಲಿದ್ದ ವೀಳ್ಯದೆಲೆಯನ್ನು ಕೆಳಗಿಟ್ಟರು.

“ಮಧ್ಯಾಹ್ನ ಬಚ್ಚಲಿಗೆ ಹೋಗಿ ತಲೆಗೆ ತಣ್ಣೀರು ಹೊಯ್ಕೊಳ್ತಿದ್ದೆ. ಅಳುದೂ ಅಲ್ಲೇ. ಕಣ್ಣು ಕೆಂಪಾದ್ದು ಎಂತ ಅಂತ ಕೇಳಿದ್ರೆ ಸೀಗೆಪುಡಿ ಹೋಯ್ತು ಹೇಳ್ತಿದ್ದೆ. ಎಲ್ಲರೂ ನಂಬಿದ್ರಿ.”

ಮಾವನಿಗೆ ಮುಂದಿನ ಪ್ರಶ್ನೆ ಹೊಳೆಯಲಿಲ್ಲ. ಅವರು ಎದ್ದು ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತೇ ಇದ್ದರು.

ಅಜ್ಜಿ ತಮ್ಮ ಪಕ್ಕದ ಜಾಗವನ್ನು ಮೆಲ್ಲಗೆ ತಟ್ಟಿದರು.

“ಕೂತ್ಕೊ ಮಗ. ಹೇಳ್ಲಿಕ್ಕೆ ಇನ್ನೂ ಉಂಟು.”