ಬೀಗರೂಟಕ್ಕೆ ಹಗುರ ಇಂಟರ್‌ನೆಟ್ಟು

ಮಗನ ಮದುವೆಗೆ ಮನೆಮನೆ ತಿರುಗಿ ಕರೆದು ನನ್ನ ಮಂಡಿ ಸವೆದಿತ್ತು. ಇನ್ನು ಬೀಗರೂಟಕ್ಕೂ ಅದೇ ತಿರುಗಾಟವೇ? ಬೂಕನಕೆರೆಯ ನಮ್ಮ ಜಗಲಿಯಲ್ಲಿ ಕುಳಿತೇ ನೆಂಟರನ್ನೆಲ್ಲ ಕರೆಯುವ ವೈಜ್ಞಾನಿಕ ಮಾರ್ಗವನ್ನು ನಾನು ಕಂಡುಹಿಡಿದೆ!

ಮಾಮೂಲಿ ಇಂಟರ್‌ನೆಟ್ಟಿನ ಜೊತೆಗೇ ಹಗುರವಾದ ಇನ್ನೊಂದು ಇಂಟರ್‌ನೆಟ್ಟಿದೆ. ಜಾಹೀರಾತಿಲ್ಲ, ವಿಡಿಯೊ ಇಲ್ಲ, ಬರೀ ಅಕ್ಷರ. ನಮ್ಮೂರಿನ ಸಿಗ್ನಲ್ಲಿಗೂ ಥಟ್ಟನೆ ಬರುತ್ತದೆ. ಸಾಫ್ಟ್‌ವೇರೆಲ್ಲ ಪುಕ್ಕಟೆ. ಮನೆಯ ಹಳೇ ಕಂಪ್ಯೂಟರನ್ನೇ ಸರ್ವರ್ ಹುದ್ದೆಗೆ ನೇಮಿಸಿ, ಊಟದ ದಿನ, ಹೊತ್ತು, ಛತ್ರ ಎಲ್ಲ ಬರೆದು ಒಂದು ಪುಟ ಮಾಡಿದೆ. ಅದರ ವಿಳಾಸವನ್ನು ಎಲ್ಲರ ಫೋನಿಗೂ ಕಳಿಸಿ ಕಾಲು ಚಾಚಿದೆ.

"ಮನೆಗೋಗಿ ಕರೀದೆ ಯಾರ್ರೀ ಬತ್ತಾರೆ?" ಎಂದಳು ಹೆಂಡತಿ ಸಾವಿತ್ರಿ. "ಬೀಗರು ಬಸ್ಸು ಮಾಡ್ಕಂಡು ಬತ್ತಾವ್ರೆ. ನಮ್ ಕಡೆ ಪಂಕ್ತಿ ಖಾಲಿ ಒಡುದ್ರೆ ಸೊಸೆ ಮುಂದೆ ತಲೆ ಎಂಗೆ ಎತ್ಲಿ?"

"ಕಾಲ ಬದ್ಲಾಯ್ತು ಕಣೆ," ಎಂದೆ ಗಂಭೀರವಾಗಿ.

ಮೊದಲ ಫೋನು ಪಾಂಡವಪುರದ ಅಕ್ಕನದು. "ಅದೇನ್ಲಾ ಕಳ್ಸಿದ್ದೀಯ? ಒತ್ತಿದ್ರೆ ಏನೂ ಬರಾಕಿಲ್ಲ!"

ಆ ಪುಟ ತೆರೆಯಲು ಬೇರೆಯದೇ ಬ್ರೌಸರ್ ಬೇಕು. ಅದನ್ನು ಹಾಕಿಕೊಳ್ಳುವ ವಿಧಾನವನ್ನು ಫೋನಿನಲ್ಲೇ ಬೋಧಿಸಿದೆ. ಅಕ್ಕ ಇನ್ನೇನೋ ಒತ್ತಿ, ಅವಳ ಫೋನು ಪೂರ್ತಿ ತಮಿಳಾಯಿತು! ಬೇರೆ ದಾರಿಯಿಲ್ಲದೆ ಬೈಕು ಹತ್ತಿದೆ.

ಆಮೇಲೆ ಸಂತೆಬಾಚಹಳ್ಳಿಯ ದೊಡ್ಡಪ್ಪ. ಅವರ ಫೋನಿನಲ್ಲಿ ಜಾಗವೇ ಇಲ್ಲ.

"ನನ್ ಎತ್ತಿನ್ ಫೋಟ ಅಳಿಸ್ಬುಟ್ಟೀಯ ಜ್ವಾಕೆ! ಮೊದ್ಲು ಕೂತ್ಕಂಡು ಕಾಪಿ ಕುಡಿಲಾ."

ಕಾಫಿ ಕುಡಿದೆ. ಬೇರೇನನ್ನೋ ಅಳಿಸಿ ಬ್ರೌಸರ್ ಹಾಕಿದೆ. ಕನ್ನಡಕ ಸಿಗದ ಅವರಿಗೆ ಪುಟವನ್ನೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳಿದೆ. ನಾಗಮಂಗಲ, ಮೇಲುಕೋಟೆ, ಎಲ್ಲ ಕಡೆ ಇದೇ ಸೇವೆ. ಮಂಡಿಯ ಜೊತೆಗೆ ಸೊಂಟವೂ ಹೋಯಿತು.

ಊಟದ ಹಿಂದಿನ ದಿನ ಕರೆಂಟು ಹೋಯಿತು. ಸರ್ವರ್ ಸತ್ತಿತು. ಪುಟ ಮಾಯ! ಸಾವಿತ್ರಿ ನನ್ನನ್ನೊಮ್ಮೆ ನೋಡಿದಳು. ಬೈದಿದ್ದರೇ ವಾಸಿಯಿತ್ತು. ನಿಜಕ್ಕೂ ಹೆದರಿಬಿಟ್ಟೆ. ಯಾರೂ ಬರದಿದ್ದರೆ, ಬೇಯಿಸಿದ ಅಷ್ಟು ಮಾಂಸ ದಂಡವಾಗುವುದಕ್ಕಿಂತ ಅವಳ ಮುಖ ನೋಡುವುದೇ ಕಷ್ಟವಾಗುತ್ತಿತ್ತು.

ಮರುದಿನ ಕೆ.ಆರ್. ಪೇಟೆಯ ಛತ್ರದ ಬಾಗಿಲಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತೆ. ಬಂದರು! ಅಕ್ಕ ಬಂದಳು. ದೊಡ್ಡಪ್ಪ ಮನೆಮಂದಿಯನ್ನೆಲ್ಲ ಟ್ರಾಕ್ಟರಿಗೆ ತುಂಬಿಕೊಂಡು ಬಂದರು. ಬೀಗರ ಎದುರು ನಮ್ಮ ಪಂಕ್ತಿ ಭರ್ತಿಯಾಗಿ, ಇನ್ನಷ್ಟು ಜನ ಎಲೆಗಾಗಿ ಕಾಯುತ್ತ ನಿಂತರು. ಹೋದ ಜೀವ ಬಂದಂತಾಯಿತು.

"ನನ್ ಪುಟ ನೋಡ್ಕಂಡ್ ಬಂದ್ರಾ ದೊಡ್ಡಪ್ಪ?" ಎಂದು ಕೊನೆಯ ಪಂಕ್ತಿಯಲ್ಲಿ ಅವರ ಪಕ್ಕ ಊಟಕ್ಕೆ ಕೂತು ಎದೆಯುಬ್ಬಿಸಿ ಕೇಳಿದೆ.

"ಯಾವ್ ಪುಟ ಕಣ್ಲಾ? ಅದ್ನ ಅವತ್ತೇ ತಗುಸ್ಬುಟ್ಟೆ, ಎತ್ತಿನ್ ಫೋಟಕ್ಕೆ ಜಾಗ ಬೇಕಾಗಿತ್ತು. ನೀನು ಮನೆಗಂಟ ಬಂದು, ಕೂತು, ಬಾಯ್ತುಂಬ ಕರ್ದೆ. ಈಗಿನ್ ಕಾಲ್ದಲ್ಲಿ ಯಾರ್ ಅಂಗ್ ಕರೀತಾರೆ? ಬರ್ದೆ ಇರಾಕಾಯ್ತದಾ?"

ಪಕ್ಕದಲ್ಲೇ ಬಡಿಸುತ್ತಿದ್ದ ಸಾವಿತ್ರಿ ನನ್ನ ಎಲೆಗೆ ಇನ್ನೊಂದು ಮುದ್ದೆ ಇಟ್ಟಳು. ಅವಳ ಮುಖದಲ್ಲಿ ನಗು.

"ಸೊಸೆ ಸೀಮಂತಕ್ಕೂ ಇಂಥದ್ದೇ ಏನಾರ ಕಂಡಿಡೀರಿ. ಇಲ್ದಿದ್ರೆ ನೀವು ಜಗಲಿ ಬುಟ್ಟು ಏಳೋರಲ್ಲ!"

ನಾನು ಮುದ್ದೆ ಮುರಿದು ಸಾರಿಗದ್ದಿ ನುಂಗಿದೆ.